ಮಗು ಹುಟ್ಟಿದೆಯಾ? ರಿಜಿಸ್ಟರಿಗೆ ಅಷ್ಟೇ ಸಾಕು

ಬೇಲೂರಿನಿಂದ ಆಚೆ ಒಂದು ಕಾಫಿ ತೋಟ ಅಂದುಕೊಳ್ಳಿ. ಲೈನ್ ಮನೆಯಲ್ಲಿ ಅಸ್ಸಾಂನಿಂದ ಕೆಲಸಕ್ಕೆ ಬಂದ ಗಂಡ ಹೆಂಡತಿ ಇದ್ದಾರೆ. ಜೋರು ಮಳೆಯ ರಾತ್ರಿ ಹೆಂಡತಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಹೆರಿಗೆ ಆಗಿಯೇ ಹೋಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಒಂದು ವಾರ ಕಳೆದ ಮೇಲೆ ಆಶಾ ಕಾರ್ಯಕರ್ತೆ ಬಂದು ಕೇಳುತ್ತಾರೆ, ಬರ್ತ್ ಸರ್ಟಿಫಿಕೇಟ್‌ಗೆ ಬರೆಸಿದಿರಾ ಅಂತ. ಆಗ ಸುತ್ತ ನಿಂತವರೆಲ್ಲ ವಕೀಲರಾಗುತ್ತಾರೆ. "ಅವರ ಊರಿಗೆ ಹೋದಾಗ ಮಾಡಿಸಿಕೊಳ್ತಾರೆ ಬಿಡಿ" ಅಂತ ಒಬ್ಬರು. "ಆಸ್ಪತ್ರೇಲಿ ಹುಟ್ಟಿದ್ರೆ ಮಾತ್ರ ಕೊಡೋದು" ಅಂತ ಇನ್ನೊಬ್ಬರು. "ಇವರಿಗೆ ಇಲ್ಲಿ ರೇಷನ್ ಕಾರ್ಡೇ ಇಲ್ಲ, ಸರ್ಟಿಫಿಕೇಟ್ ಹೇಗೆ ಸಿಗತ್ತೆ?" ಅಂತ ಮತ್ತೊಬ್ಬರು.

ಮೂರೂ ತಪ್ಪು. 1969ರ ಜನನ ಮರಣ ನೋಂದಣಿ ಕಾಯ್ದೆಯ ಲೆಕ್ಕ ಬಹಳ ಸರಳ. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ. ಅಪ್ಪ ಅಮ್ಮ ಯಾವ ರಾಜ್ಯದವರು, ಇಲ್ಲಿಗೆ ಬಂದು ಎಷ್ಟು ದಿನವಾಯಿತು, ಯಾವ ಕಾರ್ಡ್ ಇದೆ, ಯಾವುದಿಲ್ಲ ಅನ್ನುವುದರ ಮೇಲೆ ಅದು ನಿಂತಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕೊಡುವ ಹೊಣೆ ಅಲ್ಲಿನ ವೈದ್ಯಾಧಿಕಾರಿಯದು. ಮನೆಯಲ್ಲಿ ಹುಟ್ಟಿದರೆ ಮನೆಯವರದು.

ತೋಟದಲ್ಲಿ ಹುಟ್ಟಿದರೆ? ಇದಕ್ಕೆ ಕಾಯ್ದೆಯಲ್ಲಿ ಬೇರೆ ಸೆಕ್ಷನ್ನೇ ಇದೆ. ಕಾಫಿ ಸೀಮೆಯಲ್ಲಿ ಇದ್ದುಕೊಂಡೂ ನಮ್ಮಲ್ಲಿ ಹೆಚ್ಚಿನವರು ಅದರ ಹೆಸರು ಕೇಳಿಲ್ಲ. 9ನೇ ಸೆಕ್ಷನ್ ಪೂರ್ತಿ ತೋಟಗಳ ಬಗ್ಗೆ. ತೋಟ ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಬೆಳೆ ಕಾಫಿ, ಟೀ, ಮೆಣಸು, ಏಲಕ್ಕಿ, ರಬ್ಬರ್ ಇಂಥದ್ದಾಗಿರಬೇಕು. ಅಲ್ಲಿ ಮಗು ಹುಟ್ಟಿದರೆ ರಿಜಿಸ್ಟ್ರಾರ್‌ಗೆ, ಅಂದರೆ ಜನನ ಬರೆದುಕೊಳ್ಳುವ ಅಧಿಕಾರಿಗೆ, ತಿಳಿಸಬೇಕಾದವರು ಆಳುಗಳ ಕೆಲಸದ ಉಸ್ತುವಾರಿ ಇಟ್ಟುಕೊಂಡವರು. ಅವರನ್ನು ಮ್ಯಾನೇಜರ್ ಅನ್ನಿ, ರೈಟರ್ ಅನ್ನಿ, ಹೆಸರು ಏನಾದರೂ ಇರಲಿ ಅಂತ ಕಾಯ್ದೆಯೇ ಹೇಳಿಬಿಟ್ಟಿದೆ. ಮಗುವಿನ ಮನೆಯವರು ವಿವರ ಕೊಡಬೇಕು, ಅವರು ಅದನ್ನು ಮುಟ್ಟಿಸಬೇಕು. ವಾರದ ಬಟವಾಡೆಯ ಪುಸ್ತಕ ತಪ್ಪದೆ ಬರೆಯುವ ತೋಟಕ್ಕೆ ಇದೇನು ಹೊರೆಯಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಪ್ರತಿ ತೋಟದ ಆಫೀಸಿನ ಗೋಡೆಗೆ ಈ ಸೆಕ್ಷನ್ ಅಂಟಿಸಬೇಕು ಅನ್ನುವುದು ನನ್ನ ಆಸೆ.

ಇಷ್ಟು ಚಿಕ್ಕ ಕಾಗದಕ್ಕೆ ಇಷ್ಟೊಂದು ಮಾತು ಯಾಕೆ? ಮಕ್ಕಳ ಹಕ್ಕು ಅಂದಾಗ ಮೊದಲು ಬರುವ ಎರಡು ಹಕ್ಕುಗಳು ಇಲ್ಲೇ ಕೂಡುತ್ತವೆ. ಒಂದು ಬದುಕುವ ಹಕ್ಕು. ಇನ್ನೊಂದು ಗುರುತಿನ ಹಕ್ಕು. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಭಾರತ 1992ರ ಡಿಸೆಂಬರ್‌ನಲ್ಲಿ ಅದಕ್ಕೆ ಸೇರಿತು. ಅದರ 6ನೇ ವಿಧಿ ಹೇಳುವುದು, ಪ್ರತಿ ಮಗುವಿಗೂ ಬದುಕುವ, ಉಳಿಯುವ, ಬೆಳೆಯುವ ಹಕ್ಕಿದೆ ಅಂತ. 7ನೇ ವಿಧಿ ಹೇಳುವುದು, ಹುಟ್ಟಿದ ಕೂಡಲೇ ನೋಂದಣಿ ಆಗಬೇಕು, ಮಗುವಿಗೆ ಹೆಸರು ಬೇಕು, ರಾಷ್ಟ್ರೀಯತೆ ಬೇಕು, ಸಾಧ್ಯವಾದಷ್ಟೂ ತನ್ನ ತಂದೆ ತಾಯಿ ಯಾರೆಂದು ತಿಳಿಯುವ ಹಕ್ಕು ಬೇಕು. 8ನೇ ವಿಧಿ, ಈ ಗುರುತನ್ನು ಯಾರೂ ಕಿತ್ತುಕೊಳ್ಳಬಾರದು, ಕಿತ್ತುಕೊಂಡಿದ್ದರೆ ಸರ್ಕಾರ ಮತ್ತೆ ಕೊಡಿಸಬೇಕು ಅನ್ನುತ್ತದೆ. ಒಂದರ ಹಿಂದೆ ಒಂದು ಬರುವ ಈ ವಿಧಿಗಳ ಕ್ರಮದಲ್ಲೇ ಅರ್ಥವಿದೆ. ರಿಜಿಸ್ಟರಿನಲ್ಲಿ ಇಲ್ಲದ ಮಗು ಕಾಣೆಯಾದರೆ ಹುಡುಕುವವರಿಗೆ ಆಧಾರವೇ ಇರುವುದಿಲ್ಲ. ಮಾರಿದರೆ ಯಾರ ಮಗು ಅಂತ ತೋರಿಸುವುದು ಕಷ್ಟ. ಹದಿನಾಲ್ಕಕ್ಕೆ ಮದುವೆ ಮಾಡಿ ಹದಿನೆಂಟು ಅಂದರೆ ಅಲ್ಲ ಅನ್ನಲು ಕೈಯಲ್ಲಿ ಏನಿದೆ?

ಜನರ ಮನಸ್ಸಿನಲ್ಲಿ ಮಾತ್ರ ಬೇರೆ ಭಯ ಕೂತಿದೆ. ಮದುವೆ ಆಗಿಲ್ಲ, ಗಂಡ ಬಿಟ್ಟುಹೋಗಿದ್ದಾನೆ, ಎರಡನೇ ಸಂಬಂಧ, ಜಾತಿ ಬೇರೆ. ಹೀಗೆಲ್ಲ ಇದ್ದರೆ ಕಚೇರಿಗೆ ಹೋಗಲು ಕಾಲೇ ಏಳುವುದಿಲ್ಲ. ಜನನ ರಿಜಿಸ್ಟರ್ ಅಪ್ಪ ಅಮ್ಮನ ನಡತೆಗೆ ಮಾರ್ಕ್ಸ್ ಹಾಕುವ ಪುಸ್ತಕ ಅಂದುಕೊಂಡಿರುತ್ತಾರೆ. ಅಲ್ಲಿ ಬರೆಯುವುದು ಇಂಥ ದಿನ, ಇಂಥ ಜಾಗದಲ್ಲಿ, ಇಂಥ ತಾಯಿಗೆ ಮಗು ಹುಟ್ಟಿತು ಅನ್ನುವ ಸಂಗತಿ. ಈ ಬರಹದಲ್ಲಿ ಮುಂದೆ ಹೇಳುವ ತೀರ್ಪುಗಳನ್ನೆಲ್ಲ ನೋಡಿದರೆ ಸುಪ್ರೀಂ ಕೋರ್ಟ್ ಕೂಡ ಮತ್ತೆ ಮತ್ತೆ ಇದನ್ನೇ ಹೇಳಿದೆ ಅನ್ನಿಸುತ್ತದೆ. ದೊಡ್ಡವರ ಜಗಳ ದೊಡ್ಡವರಿಗಿರಲಿ, ಮಗುವಿನ ಕಾಗದ ನಿಲ್ಲಿಸಬೇಡಿ.

ಹುಟ್ಟುವುದಕ್ಕೆ ಮೊದಲು

ಬದುಕುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿದೆ. ಅದು ಎಲ್ಲರಿಗೂ ಇರುವ ಹಕ್ಕು. ಹಾಗಾದರೆ ಹೊಟ್ಟೆಯಲ್ಲಿರುವ ಮಗುವಿಗೆ? ಇಲ್ಲಿ ಕಾನೂನು ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. 1971ರ ಗರ್ಭಪಾತ ಕಾಯ್ದೆ ತಾಯಿಯ ಜೀವ, ಆರೋಗ್ಯಕ್ಕೆ ಮೊದಲ ಜಾಗ ಕೊಡುತ್ತದೆ. 2021ರ ತಿದ್ದುಪಡಿಯ ನಂತರ ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಅವಕಾಶವಿದೆ, ಅದಕ್ಕೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಮದುವೆಯಾಗದ ಹೆಣ್ಣುಮಕ್ಕಳನ್ನು ಇದರಿಂದ ಹೊರಗಿಡುವಂತಿಲ್ಲ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ತೆಗೆಸುವುದು ಮಾತ್ರ ಬೇರೆ ವಿಷಯ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ಗಂಡೋ ಹೆಣ್ಣೋ ಅಂತ ಕೇಳುವುದೂ ಅಪರಾಧ, ಹೇಳುವುದೂ ಅಪರಾಧ. ಮಾತಿನಲ್ಲಿ ಹೇಳಿದರೂ ಅಷ್ಟೆ, ಸನ್ನೆಯಲ್ಲಿ ಹೇಳಿದರೂ ಅಷ್ಟೆ. 2023ರ ನವೆಂಬರ್‌ನಲ್ಲಿ ಪಕ್ಕದ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದಿದ್ದು ನೆನಪಿರಬಹುದು. ಈ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಗರ್ಭಿಣಿ ಇಂಥ ಸ್ಕ್ಯಾನ್‌ಗೆ ಹೋಗಿದ್ದರೆ, ಗಂಡ ಅಥವಾ ಮನೆಯವರು ಒತ್ತಾಯ ಮಾಡಿದ್ದಾರೆ ಅಂತಲೇ ಕಾನೂನು ಮೊದಲು ಭಾವಿಸುತ್ತದೆ. ಹಾಗಲ್ಲ ಅಂತ ತೋರಿಸಿಕೊಳ್ಳುವುದು ಮನೆಯವರ ಪಾಡು.

ಹೊಟ್ಟೆಯಲ್ಲಿರುವ ಮಗುವಿಗೆ ಆಸ್ತಿಯ ಹಕ್ಕೂ ಇದೆ ಅಂದರೆ ಕೆಲವರು ನಗುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಸೆಕ್ಷನ್ ನೋಡಿ. ವಿಲ್ ಬರೆಯದೆ ಅಪ್ಪ ತೀರಿಕೊಂಡಾಗ ಮಗು ಹೊಟ್ಟೆಯಲ್ಲಿತ್ತು, ಆಮೇಲೆ ಜೀವಂತವಾಗಿ ಹುಟ್ಟಿತು. ಅಪ್ಪ ಸಾಯುವ ಮೊದಲೇ ಹುಟ್ಟಿದ್ದರೆ ಎಷ್ಟು ಪಾಲು ಸಿಗುತ್ತಿತ್ತೋ ಅಷ್ಟೇ ಪಾಲು ಅದಕ್ಕೆ. ತಿಥಿ ಮುಗಿಯುವ ಮೊದಲೇ ತೋಟ ಭಾಗ ಮಾಡಲು ಕೂರುವ ಮನೆಗಳಿಗೆ ಇದು ಗೊತ್ತಿರಬೇಕು.

ಹುಟ್ಟಿದ ಮೇಲೆ ಬದುಕುವ ಹಕ್ಕು ಅಂದರೆ ಕೊಲ್ಲಬಾರದು ಅನ್ನುವುದಷ್ಟಕ್ಕೇ ನಿಲ್ಲುವುದಿಲ್ಲ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎರಡೂ ಕಡೆಯ ವೈದ್ಯರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಡ್ವಾನ್ಸ್ ಕಟ್ಟಿ ಆಮೇಲೆ ನೋಡೋಣ ಅನ್ನುವಂತಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಉಚಿತ, ಸಿಸೇರಿಯನ್ ಉಚಿತ, ಕಾಯಿಲೆ ಬಿದ್ದ ಕೂಸಿನ ಚಿಕಿತ್ಸೆ, ಔಷಧಿ, ವಾಹನ ಎಲ್ಲ ಉಚಿತ. ಅಂಗನವಾಡಿಯ ಊಟ ಕೂಡ ದಾನವಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆರು ತಿಂಗಳಿನಿಂದ ಆರು ವರ್ಷದ ಮಕ್ಕಳಿಗೆ ಅದು ಹಕ್ಕು. ಗರ್ಭಿಣಿಗೂ ಬಾಣಂತಿಗೂ ಹಕ್ಕು. ಲೈನ್ ಮನೆಯ ಮಗುವಿಗೂ ಇದು ಅನ್ವಯಿಸುತ್ತದೆ ಅಂತ ಬೇರೆಯಾಗಿ ಹೇಳಬೇಕಿಲ್ಲ. ಆದರೂ ಹೇಳಬೇಕಾಗುತ್ತದೆ.

ಇಪ್ಪತ್ತೊಂದು ದಿನ, ಆಮೇಲೆ

ಹುಟ್ಟಿದ 21 ದಿನದೊಳಗೆ ತಿಳಿಸಿದರೆ ನೋಂದಣಿಗೆ ಖರ್ಚಿಲ್ಲ. ಮೊದಲ ಪ್ರಮಾಣ ಪತ್ರ ಉಚಿತವಾಗಿ ಸಿಗಬೇಕು. 21 ದಾಟಿ 30 ದಿನದೊಳಗಾದರೆ ತಡವಾದ ಶುಲ್ಕ ಕಟ್ಟಬೇಕು. 30 ದಿನದಿಂದ ಒಂದು ವರ್ಷದವರೆಗೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು. ಇದಕ್ಕೆ ಮೊದಲು ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಿತ್ತು. 2023ರ ತಿದ್ದುಪಡಿಯ ನಂತರ ನಾವೇ ಸಹಿ ಹಾಕಿ ದೃಢೀಕರಿಸಿದ ಪತ್ರ ಸಾಕು.

ಒಂದು ವರ್ಷ ದಾಟಿದರೆ ಕಷ್ಟ ಅಂತ ಬಹಳ ಜನ ಕೈಬಿಟ್ಟಿರುತ್ತಾರೆ. ಮೊದಲು ನಿಜಕ್ಕೂ ಕಷ್ಟವಿತ್ತು. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ, ವಕೀಲರನ್ನು ಇಟ್ಟು, ಆದೇಶ ತರಬೇಕಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಈ ಕೆಲಸವನ್ನು ಕೋರ್ಟಿನಿಂದ ಕಂದಾಯ ಆಡಳಿತದ ಕಡೆಗೆ ತಂದಿದೆ. ಈಗ ಜಿಲ್ಲಾಧಿಕಾರಿ, ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಡಿಸಿ, ಎಸಿ ಆಫೀಸಿನ ಕೆಲಸ. ಎಸಿ ಕಚೇರಿ ಹಾಸನದಲ್ಲೂ ಇದೆ, ಸಕಲೇಶಪುರದಲ್ಲೂ ಇದೆ. ಆಚೆ ಚಿಕ್ಕಮಗಳೂರು, ತರೀಕೆರೆಯಲ್ಲಿವೆ. ತಾಯಿ ಕಾರ್ಡ್, ಲಸಿಕೆ ಕಾರ್ಡ್, ಅಂಗನವಾಡಿ ದಾಖಲೆ, ಶಾಲೆಯ ದಾಖಲೆ ಏನಿದೆಯೋ ಅದನ್ನೆಲ್ಲ ಜೋಡಿಸಿ ಇಟ್ಟುಕೊಳ್ಳಿ. ಮಗು ಅಲ್ಲೇ, ಆಗಲೇ ಹುಟ್ಟಿದ್ದು ಹೌದಾ ಅಂತ ಅವರು ನೋಡಬೇಕಾಗುತ್ತದೆ.

ಅದೇ ತಿದ್ದುಪಡಿ ಇನ್ನೊಂದು ದೊಡ್ಡ ಬದಲಾವಣೆ ಮಾಡಿದೆ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಹುಟ್ಟಿದ ಜಾಗಕ್ಕೆ ಜನನ ಪ್ರಮಾಣ ಪತ್ರವೇ ಪುರಾವೆ. ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ ಎಲ್ಲಕ್ಕೂ ಅದೇ. ನಮ್ಮ ಹಿಂದಿನ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ನೋಡಿ! ಶಾಲೆ ಶುರುವಾಗುವ ಹೊತ್ತಿಗೆ ಲೆಕ್ಕ ಸರಿಹೋಗಲಿ ಅಂತ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ಆ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡೇ ಜೀವನ ಸಾಗಿತು. ಈಗಿನ ಕೂಸುಗಳಿಗೆ ಆ ದಾರಿ ಮುಚ್ಚಿದೆ. ಅದಕ್ಕೇ ಊರಿಗೆ ಹೋದಾಗ ನೋಡೋಣ ಅನ್ನುವ ಮಾತು ಮೊದಲಿಗಿಂತ ಈಗ ಹೆಚ್ಚು ಅಪಾಯದ್ದು.

ಹಾಗಂತ ಈ ಪತ್ರ ಇಲ್ಲದ ಮಗುವನ್ನು ಶಾಲೆ ವಾಪಸ್ ಕಳಿಸಬಹುದಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಇನ್ನೂ ಇದೆ. ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ ಅಂತ ಅದು ನೇರವಾಗಿ ಹೇಳುತ್ತದೆ. ಮೊದಲು ಸೇರಿಸಿ, ಆಮೇಲೆ ಕಾಗದ ಮಾಡಿಸಿ.

ಪೌರತ್ವದ ಬಗ್ಗೆಯೂ ಒಂದು ಮಾತು, ಯಾಕೆಂದರೆ ತೋಟದ ಕಡೆ ಇದನ್ನು ಸುಮ್ನೆ ಕಲಸಿಬಿಡುತ್ತಾರೆ. ಜನನ ಪ್ರಮಾಣ ಪತ್ರ ಹೇಳುವುದು ಮಗು ಎಲ್ಲಿ ಯಾವಾಗ ಹುಟ್ಟಿತು ಅಂತ. ಅದು ಪೌರತ್ವದ ಪತ್ರವಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ತಂದೆ ತಾಯಿ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಅಂತ ಪೌರತ್ವ ಕಾಯ್ದೆಯ ನಿಯಮ. ಆ ಪ್ರಶ್ನೆ ಬೇರೆ ಕಡೆ, ಬೇರೆಯವರು ತೀರ್ಮಾನಿಸುವುದು. ರಿಜಿಸ್ಟ್ರಾರ್ ಅದನ್ನು ಹಿಡಿದುಕೊಂಡು ಜನನ ಬರೆಯದೆ ಕೂರುವಂತಿಲ್ಲ. ತಂದೆ ತಾಯಿಯ ಆಧಾರ್ ನಂಬರ್ ಕೇಳುತ್ತಾರೆ ನಿಜ. ಕಾಯ್ದೆ ಹೇಳುವುದು ಇದ್ದರೆ ಕೊಡಿ ಅಂತ.

ಹೆಸರು

ನಮ್ಮಲ್ಲಿ ಆಸ್ಪತ್ರೆಯಿಂದ ಬರುವಾಗ ಹೆಸರು ಇಟ್ಟಿರುವುದಿಲ್ಲ. ನಕ್ಷತ್ರ ನೋಡಬೇಕು, ಮನೆದೇವರು ನೋಡಬೇಕು, ಅಜ್ಜಿಗೆ ಒಪ್ಪಿಗೆಯಾಗಬೇಕು. ತೊಟ್ಟಿಲಿಗೆ ಹಾಕುವ ದಿನದವರೆಗೆ ಅದು ಬರೀ ಪಾಪು. ಪರವಾಗಿಲ್ಲ. ಹೆಸರಿಲ್ಲದೆಯೇ ಜನನ ನೋಂದಣಿ ಮಾಡಬಹುದು. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹೆಸರು ಸಿಗಲಿಲ್ಲ ಅಂತ 21 ದಿನ ಕಳೆದುಕೊಳ್ಳಬೇಡಿ.

ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಮಾತ್ರ ಅಷ್ಟು ಸುಲಭವಲ್ಲ. ತಪ್ಪು ನಮೂದಾಗಿದ್ದರೆ 15ನೇ ಸೆಕ್ಷನ್‌ನಲ್ಲಿ ತಿದ್ದಬಹುದು. ಆಗಲೂ ಮೂಲ ಬರಹವನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ತಿದ್ದುಪಡಿ ಬರೆಯುತ್ತಾರೆ. ನಮ್ಮ ದೊಡ್ಡ ತಲೆನೋವು ಇನಿಶಿಯಲ್. ಜನನ ಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಹೆಸರಿನ ಅಕ್ಷರ, ಶಾಲೆಯಲ್ಲಿ ಊರಿನ ಅಕ್ಷರವೂ ಸೇರಿ ಎರಡು. ಹತ್ತನೇ ತರಗತಿಗೆ ಬಂದಾಗ ಮೂರೂ ಬೇರೆ ಬೇರೆ ಮಕ್ಕಳ ಹಾಗೆ ಕಾಣುತ್ತವೆ. ಮೊದಲ ದಿನವೇ ಒಂದೇ ರೀತಿ ಬರೆಸುವುದು ಬುದ್ಧಿವಂತಿಕೆ.

ಯಾವ ಹೆಸರಿಡಬೇಕು ಅನ್ನುವುದು ಮನೆಯವರ ಇಷ್ಟ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಸಮುದಾಯದವರಿದ್ದಾರೆ. ರಾಜ್ಯದಲ್ಲಿ ಈ ಸಮುದಾಯದ ಕೆಲವರು ಮಕ್ಕಳಿಗೆ ಹೈಕೋರ್ಟ್, ಗೂಗಲ್ ಅಂತೆಲ್ಲ ಹೆಸರಿಟ್ಟಿದ್ದು ಪತ್ರಿಕೆಗಳಲ್ಲಿ ಬಂದಿದೆ. ಓದಿದವರು ನಕ್ಕಿರಬಹುದು. ಕಾನೂನಿಗೆ ನಗು ಬರುವುದಿಲ್ಲ. ಸರ್‌ನೇಮ್ ಕೂಡ ಹಾಗೆಯೇ. ಗಂಡ ತೀರಿಕೊಂಡು ಇನ್ನೊಂದು ಮದುವೆಯಾದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗುವಿನ ಸರ್‌ನೇಮ್ ಯಾವುದಿರಬೇಕು ಅಂತ ತಾಯಿ ತೀರ್ಮಾನಿಸಬಹುದು ಅಂತ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಲತಂದೆ ಅಂತ ದಾಖಲೆಯಲ್ಲಿ ಬರೆಸಬೇಕು ಅನ್ನುವ ಹೈಕೋರ್ಟಿನ ಸೂಚನೆಯನ್ನು ಅದು ಕ್ರೂರ ಅಂತಲೇ ಕರೆಯಿತು.

ಅಪ್ಪ ಯಾರು?

ಕಚೇರಿಯ ಕೌಂಟರಿನಲ್ಲಿ ಅತ್ಯಂತ ನೋವು ಕೊಡುವ ಪ್ರಶ್ನೆ ಇದು. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿರುತ್ತಾರೆ. ಎದುರಿಗಿರುವವರು ಜೋರಾಗಿ ಕೇಳುತ್ತಾರೆ. ಹೇಳಲಾಗದ ತಾಯಿ ವಾಪಸ್ ಹೋಗುತ್ತಾಳೆ, ಮಗುವಿನ ಕಾಗದ ಅಲ್ಲಿಗೇ ನಿಲ್ಲುತ್ತದೆ. 2015ರ ಜುಲೈ 6ರಂದು ಸುಪ್ರೀಂ ಕೋರ್ಟ್ ಇದಕ್ಕೆ ತೆರೆ ಎಳೆದಿದೆ. ಮದುವೆಯಾಗದ ತಾಯಿ ಅಥವಾ ಒಂಟಿ ಪೋಷಕರು ಜನನ ಪ್ರಮಾಣ ಪತ್ರ ಕೇಳಿದರೆ, ಅವರಿಂದ ಒಂದು ಅಫಿಡವಿಟ್ ತೆಗೆದುಕೊಳ್ಳಬಹುದು. ಅಷ್ಟಾದ ಮೇಲೆ ಪತ್ರ ಕೊಡಲೇಬೇಕು. ಅಪ್ಪನ ಹೆಸರು ಹೇಳು ಅಂತ ಒತ್ತಾಯಿಸುವಂತಿಲ್ಲ. ಆ ಕೇಸಿನಲ್ಲಿ ತಾಯಿಯ ಹೆಸರನ್ನೂ ಕೋರ್ಟ್ ಹೊರಗೆ ಬಿಡಲಿಲ್ಲ, ದಾಖಲೆಯಲ್ಲಿ ಬರೀ ಎಬಿಸಿ ಅಂತಿದೆ. ಹೆತ್ತವರು ಜನನ ನೋಂದಣಿ ಮಾಡಿಸಲಿಲ್ಲ ಅನ್ನುವ ಕಾರಣಕ್ಕೆ ಯಾವ ನಾಗರಿಕನಿಗೂ ತೊಂದರೆಯಾಗದಂತೆ ನೋಡುವುದು ಸರ್ಕಾರದ ಹೊಣೆ ಅಂತಲೂ ಕೋರ್ಟ್ ಹೇಳಿತು. 2023ರ ತಿದ್ದುಪಡಿ ಒಂಟಿ ಪೋಷಕರನ್ನೂ, ಮದುವೆಯಾಗದ ತಾಯಿಯನ್ನೂ ಮಾಹಿತಿ ಕೊಡುವವರ ಪಟ್ಟಿಯಲ್ಲೇ ಸೇರಿಸಿತು. ಪಾಸ್‌ಪೋರ್ಟ್‌ಗೂ 2016ರ ಕೊನೆಯಿಂದ ಒಬ್ಬ ಪೋಷಕರ ಹೆಸರು ಸಾಕು.

ಎರಡನೇ ಮದುವೆಯ ಮಕ್ಕಳ ವಿಷಯ ನಮ್ಮ ಊರುಗಳಲ್ಲಿ ಪಂಚಾಯಿತಿ ಕಟ್ಟೆಯಿಂದ ಕೋರ್ಟಿನವರೆಗೆ ಹೋಗುವಂಥದ್ದು. ಮೊದಲ ಹೆಂಡತಿ ಇರುವಾಗ ಆದ ಮದುವೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯೇ ಅಲ್ಲ. ಮಕ್ಕಳು ಮಾತ್ರ ಕಾನೂನುಬದ್ಧ ಮಕ್ಕಳೇ ಅನ್ನುತ್ತದೆ ಅದರ 16ನೇ ಸೆಕ್ಷನ್. ಆಸ್ತಿಯ ಪ್ರಶ್ನೆ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ ವರ್ಷಗಟ್ಟಲೆ ಇತ್ತು. 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರ ಪೀಠ ತೀರ್ಪು ಕೊಟ್ಟಿತು. ಇಂಥ ಮಕ್ಕಳಿಗೆ ತಂದೆ ತಾಯಿಯ ಸ್ವಂತ ಆಸ್ತಿಯಲ್ಲಿ ಪಾಲಿದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆಯ ಭಾಗಕ್ಕೆ ಎಷ್ಟು ಬರುತ್ತಿತ್ತೋ ಅದರಲ್ಲೂ ಪಾಲಿದೆ. ಚಿಕ್ಕಪ್ಪ ದೊಡ್ಡಪ್ಪಂದಿರ ಭಾಗದಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕಿಲ್ಲ.

ಇನ್ನು ಡಿಎನ್‌ಎ. ಗಂಡ ಹೆಂಡತಿ ಜಗಳ ಕೋರ್ಟಿಗೆ ಹೋದಾಗ, ಮಗುವಿನ ರಕ್ತ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಹಾಕುವುದು ಈಗ ರೂಢಿಯಾಗಿದೆ. ಮದುವೆ ಉಳಿದಿರುವಾಗ, ಅಥವಾ ಮುರಿದ 280 ದಿನದೊಳಗೆ ತಾಯಿ ಮತ್ತೆ ಮದುವೆಯಾಗದೆ ಇದ್ದಾಗ ಹುಟ್ಟಿದ ಮಗು ಆ ಗಂಡನದ್ದೇ ಅಂತ ಕಾನೂನು ಒಪ್ಪುತ್ತದೆ. ಆ ಸಮಯದಲ್ಲಿ ಇಬ್ಬರೂ ಕೂಡುವ ಅವಕಾಶವೇ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ಬೇರೆ ಮಾತು. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಸೆಕ್ಷನ್ ಇದು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 116. ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ 2023ರ ಫೆಬ್ರವರಿಯಲ್ಲಿ ಇದನ್ನು ಮಗುವಿನ ಕಡೆಯಿಂದ ನೋಡಿತು. ಜಗಳ ಅಪ್ಪ ಅಮ್ಮನದು, ಮಗು ಆ ಕೇಸಿನಲ್ಲಿ ಕಕ್ಷಿದಾರನೇ ಅಲ್ಲ. ಸುಮ್ಮನೆ ಮಗುವಿನ ಹುಟ್ಟನ್ನು ಪ್ರಶ್ನೆ ಮಾಡದಿರುವಂತೆ ಕಾಪಾಡಿಕೊಳ್ಳುವುದೂ ಅದರ ಹಕ್ಕು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಪರೀಕ್ಷೆ. ಮಕ್ಕಳ ಗುರುತಿನ ಬಗ್ಗೆ ಬಂದ ತೀರ್ಪುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು.

ಸಿಕ್ಕ ಕೂಸು, ಮತ್ತು ಮೊಬೈಲ್

ಬಸ್ ಸ್ಟ್ಯಾಂಡಿನಲ್ಲೋ ದೇವಸ್ಥಾನದ ಮೆಟ್ಟಿಲಲ್ಲೋ ಕೂಸು ಸಿಕ್ಕಿತು ಅನ್ನಿ. ಮೊದಲು ಆಗುವುದೇನು? ವಿಡಿಯೋ. ಅರ್ಧ ಗಂಟೆಯಲ್ಲಿ ಅದು ಎಲ್ಲ ಗ್ರೂಪಿಗೆ ಹೋಗಿರುತ್ತದೆ. ಗುರುತಿನ ಹಕ್ಕಿಗೆ ಇನ್ನೊಂದು ಮುಖವೂ ಇದೆ ಅನ್ನುವುದು ಇಲ್ಲಿ ನೆನಪಾಗಬೇಕು. ಕೆಲವು ಮಕ್ಕಳಿಗೆ ಗುರುತನ್ನು ಕೊಡಬೇಕು, ಕೆಲವರ ಗುರುತನ್ನು ಮುಚ್ಚಿಡಬೇಕು. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆ ಬೇಕಾದ ಮಗು, ಕೇಸಿನಲ್ಲಿರುವ ಮಗು, ನೊಂದ ಮಗು ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗುವಂಥ ಏನನ್ನೂ ಪ್ರಕಟಿಸುವಂತಿಲ್ಲ. ಪತ್ರಿಕೆ, ಟಿವಿ ಅಷ್ಟೇ ಅಲ್ಲ, ಯಾವ ರೀತಿಯ ಸಂವಹನವಾದರೂ ಸರಿ. ವಾಟ್ಸಾಪ್ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಇನ್ನೂ ಬಿಗಿ. ಮನೆಯವರ ಹೆಸರು, ನೆರೆಹೊರೆ ಹೇಳಿದರೂ ಗುರುತು ಹೇಳಿದ ಹಾಗೆಯೇ. ಸಣ್ಣ ಊರಿನಲ್ಲಿ ಇಂಥ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಹುಡುಗಿ ಅಂದರೆ ಸಾಕು, ಊರಿಗೆಲ್ಲ ಗೊತ್ತಾಗುತ್ತದೆ.

ಕೂಸು ಸಿಕ್ಕರೆ ಮಾಡಬೇಕಾದ್ದು ಪೊಲೀಸರಿಗೋ ಮಕ್ಕಳ ಸಹಾಯವಾಣಿ 1098ಕ್ಕೋ ತಿಳಿಸುವುದು. 24 ಗಂಟೆಯೊಳಗೆ ತಿಳಿಸದೆ ಇರುವುದೇ ಅಪರಾಧ. ದೇವರೇ ಕೊಟ್ಟ ಮಗು ಅಂತ ಮನೆಗೆ ತಂದು ಸಾಕುವಂತಿಲ್ಲ, ಎಷ್ಟೇ ಒಳ್ಳೆಯ ಮನಸ್ಸಿದ್ದರೂ. ಮಗು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ. ಹೆತ್ತವರನ್ನು ಹುಡುಕುತ್ತಾರೆ. ಸಿಗದಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ದತ್ತು ಕೊಡಲು ಅರ್ಹ ಅಂತ ಸಮಿತಿ ಘೋಷಿಸಬೇಕು. ಸಿಕ್ಕ ಕೂಸಿಗೂ ಜನನ ನೋಂದಣಿಗೆ ದಾರಿ ಇದೆ. 1969ರ ಕಾಯ್ದೆಯೇ ಆ ಮಾಹಿತಿ ಕೊಡುವ ಹೊಣೆಯನ್ನು ಊರಿನ ಅಧಿಕಾರಿ, ಪೊಲೀಸ್ ಠಾಣೆಯ ಮೇಲೆ ಹಾಕಿದೆ.

ಸಾಕಲು ಆಗುವುದೇ ಇಲ್ಲ ಅನ್ನುವ ತಾಯಿಗೂ ಕಾನೂನಿನ ದಾರಿ ಇದೆ. ಪೊದೆಯಲ್ಲಿ ಬಿಡಬೇಕಿಲ್ಲ. 12 ವರ್ಷದೊಳಗಿನ ಮಗುವನ್ನು ಹಾಗೆ ಬಿಟ್ಟುಹೋಗುವುದು ಭಾರತೀಯ ನ್ಯಾಯ ಸಂಹಿತೆಯ 93ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ. ಅದೇ ಮಗುವನ್ನು ಸಮಿತಿಯ ಮುಂದೆ ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳ ಸಮಯವೂ ಇದೆ. ಹೆಸರು ಹೊರಗೆ ಬರುವುದಿಲ್ಲ. ಈ ಒಂದು ಮಾತು ಪ್ರತಿ ಆಶಾ ಕಾರ್ಯಕರ್ತೆಯ ಬಾಯಲ್ಲಿ ಇದ್ದರೆ ಎಷ್ಟೋ ಜೀವ ಉಳಿಯುತ್ತವೆ. ದುಡ್ಡು ಕೊಟ್ಟು ಮಗು ಕೊಳ್ಳುವುದು, ಮಾರುವುದು ಐದು ವರ್ಷದವರೆಗಿನ ಕಠಿಣ ಶಿಕ್ಷೆ.

ದತ್ತು ಹೋದ ಮಗುವಿಗೆ ಹೊಸ ತಂದೆ ತಾಯಿಯ ಹೆಸರಿನಲ್ಲೇ ಜನನ ಪ್ರಮಾಣ ಪತ್ರ ಸಿಗುತ್ತದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಜಿಲ್ಲಾ ಮ್ಯಾಜಿಸ್ಟ್ರೇಟ್, ಕೋರ್ಟಲ್ಲ. 18 ತುಂಬಿದ ಮೇಲೆ ತನ್ನ ಮೂಲ ಯಾವುದು ಅಂತ ಮಗು ತಾನೇ ಕೇಳಬಹುದು. ಅದಕ್ಕೆ ಮೊದಲಾದರೆ ದತ್ತು ಪಡೆದ ತಂದೆ ತಾಯಿಯ ಜೊತೆ ಸೇರಿ ಕೇಳಬಹುದು. ಒಪ್ಪಿಸಿದ ತಾಯಿ ತನ್ನ ಗುರುತು ಹೇಳಬೇಡಿ ಅಂದಿದ್ದರೆ ಅದನ್ನೂ ಗೌರವಿಸಬೇಕು. ಇಬ್ಬರ ಹಕ್ಕು ಎದುರುಬದುರಾಗುವ ಜಾಗ ಇದು, ಎಲ್ಲರಿಗೂ ಸಮಾಧಾನವಾಗುವ ಉತ್ತರ ಇಲ್ಲಿಲ್ಲ.

ವಯಸ್ಸು ಅನ್ನುವುದೂ ಗುರುತೇ. ಅದನ್ನು ಸುಳ್ಳು ಮಾಡಿದರೆ ಮಗು ಕಾನೂನಿನ ಕೈಯಿಂದ ಜಾರುತ್ತದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು. 14 ದಾಟದ ಮಗುವನ್ನು ಕಾಫಿ ಹಣ್ಣು ಬಿಡಿಸುವ ಕೂಲಿಗೆ ಹಚ್ಚುವಂತಿಲ್ಲ. ಆಧಾರ್‌ನಲ್ಲಿ ಬರೆಸಿದ ವಯಸ್ಸನ್ನೇ ಹಿಡಿದು ಇವಳಿಗೆ ಹದಿನೆಂಟಾಗಿದೆ ಅಂತ ವಾದಿಸುವವರಿರುತ್ತಾರೆ. ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಮೊದಲು ಶಾಲೆಯ ಅಥವಾ ಹತ್ತನೇ ತರಗತಿಯ ದಾಖಲೆ ನೋಡುತ್ತದೆ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲ. ಅಂದಹಾಗೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಕೇಸಿನಲ್ಲಿ 2018ರಲ್ಲಿ ಬಂದ ತೀರ್ಪು, ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯವಲ್ಲ ಅಂತ ಹೇಳಿದೆ.

ಕಚೇರಿಯಲ್ಲಿ ಆಗಲ್ಲ ಅಂದರೆ ಏನು ಮಾಡುವುದು? ಅರ್ಜಿಯನ್ನು ಬರೆದೇ ಕೊಡಿ, ಸ್ವೀಕೃತಿ ಕೇಳಿ. ಆಗಲ್ಲ ಅನ್ನುವುದನ್ನೂ ಬರೆದು ಕೊಡಿ ಅನ್ನಿ. ಹೀಗೆ ಕೇಳಿದ ಮೇಲೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಆಗದಿದ್ದರೆ, ರಿಜಿಸ್ಟ್ರಾರ್ ಆದೇಶದ ಮೇಲೆ 30 ದಿನದೊಳಗೆ ಜಿಲ್ಲಾ ರಿಜಿಸ್ಟ್ರಾರ್‌ಗೆ ಮೇಲ್ಮನವಿ ಹಾಕಬಹುದು. ಅವರು 90 ದಿನದೊಳಗೆ ತೀರ್ಮಾನ ಕೊಡಬೇಕು. 2023ರ ತಿದ್ದುಪಡಿ ತಂದ ಹೊಸ ಅವಕಾಶ ಇದು. ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಇದೆ. ಹಾಸನ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕು ಮಟ್ಟದಲ್ಲಿ ಕೋರ್ಟುಗಳ ಜೊತೆ ಸಮಿತಿ ಇದೆ. ಫೋನ್ ಮಾಡುವುದಾದರೆ 15100.